ಸ್ಕೂಲ್ ಡೇ ಫೋಟೊ ಸ್ಪಾಟ್‌ಗೆ ಚಂದ್ರಿಕೆ, ಬಂಡಿ, ಬಳೆ: ಚಿಂತಾಮಣಿಯಿಂದ ಆರು ಐಡಿಯಾ

ಡಿಸೆಂಬರ್ ಬಂತೆಂದರೆ ಸಾಕು, ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಸ್ಕೂಲ್ ಡೇ ಹವಾ ಶುರು. ಯಾವ ಹಾಡಿಗೆ ಡ್ಯಾನ್ಸು, ಡ್ರೆಸ್ ಬಾಡಿಗೆ ಎಷ್ಟು, ಮುಖ್ಯ ಅತಿಥಿ ಯಾರು ಅಂತೆಲ್ಲ ಚರ್ಚೆ ಮುಗಿದ ಮೇಲೆ ಕೊನೆಗೆ ಯಾರೋ ಒಬ್ಬರು ಕೇಳುತ್ತಾರೆ: 'ಸೆಲ್ಫಿ ಪಾಯಿಂಟ್‌ಗೆ ಏನ್ ಮಾಡೋಣ?' ಉತ್ತರವೂ ರೆಡಿ ಇರುತ್ತೆ. ಎರಡು ರೆಕ್ಕೆ ಬಿಡಿಸಿದ ಫ್ಲೆಕ್ಸು, ಬಲೂನಿನ ಕಮಾನು, 'ಐ ಲವ್ ಮೈ ಸ್ಕೂಲ್' ಅನ್ನೋ ಥರ್ಮೋಕೋಲ್ ಅಕ್ಷರ. ಅಲ್ಲಿಗೆ ಮುಗೀತು.

ನಾನು ಚಿಂತಾಮಣಿಯವಳು. ಕೆಲಸ ಬೆಂಗಳೂರಲ್ಲಿ, ಶನಿವಾರ ಭಾನುವಾರ ಊರಲ್ಲಿ. ನಾವು ಓದಿದ ಸರ್ಕಾರಿ ಶಾಲೆಯ ವಾರ್ಷಿಕೋತ್ಸವಕ್ಕೆ ಹಳೇ ವಿದ್ಯಾರ್ಥಿಗಳು ಸೇರಿ ಕೈಜೋಡಿಸುತ್ತೇವೆ. ಒಬ್ಬರು ಊಟ, ಒಬ್ಬರು ಮೈಕ್ ಸೆಟ್ಟು, ಒಬ್ಬರು ಬಹುಮಾನ. ಡಿಸೈನ್ ಕೆಲಸ ಗೊತ್ತಿರೋಳು ಅಂತ ಫೋಟೊ ಸ್ಪಾಟ್ ನನ್ನ ಪಾಲಿಗೆ ಬಂತು. ಎರಡು ವರ್ಷ ಮಾಡಿದ ಮೇಲೆ ನನ್ನ ಹತ್ತಿರ ಉಳಿದಿರುವ ಅಳತೆಗೋಲು ಒಂದೇ. ಹಬ್ಬ ಮುಗಿದ ಮರುದಿನ ಎಷ್ಟು ಮಕ್ಕಳ ಮನೆಯಲ್ಲಿ ಅವರ ಫೋಟೊ ಇದೆ?

ಯಾಕೆ ಅಂತೀರಾ? ಮಾಮೂಲಿ ಸೆಲ್ಫಿ ಪಾಯಿಂಟ್ ಹತ್ತಿರ ಹತ್ತು ನಿಮಿಷ ನಿಂತು ನೋಡಿ. ಯಾರ ಅಪ್ಪ ಅಮ್ಮನ ಕೈಯಲ್ಲಿ ಒಳ್ಳೇ ಫೋನಿದೆಯೋ ಆ ಮಕ್ಕಳದ್ದು ಇಪ್ಪತ್ತು ಫೋಟೊ. ಮುಂದಿನ ಸಾಲಿನಲ್ಲಿ ಕುಣಿದ ಮಕ್ಕಳದ್ದು ಮೇಷ್ಟ್ರ ಫೋನಲ್ಲೂ ಇರುತ್ತೆ. ಸ್ಟೇಜಿನ ಪರದೆ ಎಳೆದ ಹುಡುಗ, ಕುರ್ಚಿ ಜೋಡಿಸಿದ ಹುಡುಗಿ, ಟೊಮೆಟೊ ಮಂಡಿಯಲ್ಲಿ ಕೆಲಸ ಇದ್ದು ಅಮ್ಮ ಬರೋಕಾಗದ ಮಗು – ಇವರೆಲ್ಲ ಪಕ್ಕದಲ್ಲಿ ನಿಂತು ನೋಡ್ತಾರೆ. ಆಮೇಲೆ ನಾಚಿಕೊಂಡು ಹೋಗಿಬಿಡ್ತಾರೆ.

ಹಾಗಾಗಿ ನಾವು ಎರಡು ನಿಯಮ ಹಾಕಿಕೊಂಡೆವು. ಮೊದಲನೆಯದು, ಸ್ಪಾಟ್‌ಗೆ ಬೇಕಾದ ಸಾಮಾನು ಮಕ್ಕಳ ಮನೆಗಳಿಂದ, ನಮ್ಮೂರ ಸುತ್ತಮುತ್ತಲಿಂದಲೇ ಬರಬೇಕು. ಎರಡನೆಯದು, ಪ್ರತಿ ಮಗುವಿಗೂ ಒಂದು ಪ್ರಿಂಟ್ ಸಿಗಬೇಕು. ನಮ್ಮಲ್ಲಿ ಓಡಿದ ಆರು ಐಡಿಯಾ ಇಲ್ಲಿವೆ. ನಿಮ್ಮೂರಿಗೆ ತಕ್ಕಂತೆ ಬದಲಾಯಿಸಿಕೊಳ್ಳಿ.

1. ಚಂದ್ರಿಕೆ ಗೋಡೆ

ನಮ್ಮ ಜಿಲ್ಲೆ ರೇಷ್ಮೆ ಜಿಲ್ಲೆ. ಪಕ್ಕದ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಹಣ್ಣಾದ ಹುಳುಗಳನ್ನು ಗೂಡು ಕಟ್ಟೋಕೆ ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಸುಮಾರು ಆರು ಅಡಿ ಉದ್ದ, ನಾಲ್ಕು ಅಡಿ ಅಗಲ, ಅದರ ಮೇಲೆ ಸುರುಳಿ ಸುರುಳಿಯಾಗಿ ಹೆಣೆದ ಬಿದಿರಿನ ಪಟ್ಟಿ. ಈಗ ಎಷ್ಟೋ ಮನೆಗಳಿಗೆ ಪ್ಲಾಸ್ಟಿಕ್ ನೇತ್ರಿಕೆ ಬಂದಿರೋದರಿಂದ ಹಳೇ ಚಂದ್ರಿಕೆಗಳು ಅಟ್ಟದ ಮೇಲೆ, ದನದ ಕೊಟ್ಟಿಗೆಯಲ್ಲಿ ಬಿದ್ದಿರುತ್ತವೆ.

ಅಂಥ ಮೂರನ್ನು ತಂದು ಗೋಡೆಗೆ ನೆಟ್ಟಗೆ ನಿಲ್ಲಿಸಿ, ಮೇಲೆ ಕೆಳಗೆ ಹಗ್ಗದಿಂದ ಕಟ್ಟಿದರೆ ಹನ್ನೆರಡು ಅಡಿಯ ಬ್ಯಾಕ್‌ಡ್ರಾಪ್ ಸಿದ್ಧ. ಆ ಸುರುಳಿಗಳು ಫೋಟೊದಲ್ಲಿ ಎಷ್ಟು ಚೆನ್ನಾಗಿ ಬರುತ್ತವೆ ಅಂದರೆ, ಬೆಂಗಳೂರಿನ ನನ್ನ ಸಹೋದ್ಯೋಗಿ 'ಯಾವ ಕೆಫೆ ಇದು?' ಅಂತ ಕೇಳಿದಳು. ಚಿಟ್ಟೆ ಹೊರಬಂದ ತೂತು ಗೂಡುಗಳನ್ನು ದಾರಕ್ಕೆ ಪೋಣಿಸಿ ಅಲ್ಲಲ್ಲಿ ಇಳಿಬಿಟ್ಟರೆ ಇನ್ನೂ ಚೆಂದ.

ಒಂದು ಎಚ್ಚರ. ಬಳಕೆಯಲ್ಲಿರುವ ಚಂದ್ರಿಕೆ ಕೇಳಬೇಡಿ. ಹುಳುವಿನ ರೋಗ ಒಂದು ಮನೆಯಿಂದ ಇನ್ನೊಂದು ಮನೆಗೆ ಸಾಮಾನಿನ ಜೊತೆಗೇ ಹೋಗುತ್ತೆ. ಬಿಸಾಡಿದ್ದನ್ನೇ ತಂದು ಬ್ಲೀಚಿಂಗ್ ಪೌಡರ್ ನೀರಲ್ಲಿ ತೊಳೆದು, ಎರಡು ದಿನ ಬಿಸಿಲಿಗೆ ಒಣಗಿಸಿ. ಹಬ್ಬ ಆದ ಮೇಲೂ ಅದನ್ನು ಹುಳುಮನೆಗೆ ವಾಪಸ್ ಕಳಿಸಬೇಡಿ, ಶಾಲೆಯಲ್ಲೇ ಇರಲಿ.

2. ಬಕಾಸುರನ ಬಂಡಿ

ಕೈವಾರ ನಮ್ಮ ತಾಲ್ಲೂಕಿನದ್ದೇ. ಮಹಾಭಾರತದ ಏಕಚಕ್ರಪುರ ಇದೇ, ಭೀಮ ಬಕಾಸುರನನ್ನು ಕೊಂದಿದ್ದು ಇಲ್ಲೇ ಅನ್ನೋದು ಸ್ಥಳಪುರಾಣ. ಅಲ್ಲಿ ಭೀಮಲಿಂಗೇಶ್ವರ ದೇವಸ್ಥಾನವೂ ಇದೆ. ಅಜ್ಜಿ ಹೇಳಿದ ಆ ಕಥೆಯನ್ನು ಫೋಟೊ ಸ್ಪಾಟ್ ಮಾಡಿದರೆ ಮಕ್ಕಳಿಗೆ ಬೇರೆ ವಿವರಣೆ ಬೇಕಿಲ್ಲ.

ಒಂದು ಎತ್ತಿನ ಬಂಡಿ ಎರವಲು ತನ್ನಿ, ಎತ್ತು ಬೇಡ. ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟು, ಮೂಕಿಗೆ ಊರುಗೋಲು ಕೊಟ್ಟು ಅಲುಗಾಡದ ಹಾಗೆ ಮಾಡಿ. ಒಳಗೆ ಹುಲ್ಲು ತುಂಬಿ ಮೇಲೊಂದು ಬಿಳೀ ಪಂಚೆ ಹೊದಿಸಿದರೆ ಅದೇ ಬಂಡಿ ಅನ್ನ. ಕೂತು ಅನ್ನ ಬಾಚೋ ಭೀಮ ಆಗೋಕೆ ಎಲ್ಲರಿಗೂ ಆಸೆ.

ದೊಡ್ಡ ಕ್ಲಾಸಿನವರಿಗೆ ಇನ್ನೊಂದು ಆಟ ಇದೆ. ಮೈದಾನದಲ್ಲಿ ಒಬ್ಬನನ್ನು ಫೋನಿನಿಂದ ಮೂರು ಅಡಿ ದೂರದಲ್ಲಿ, ಇನ್ನೊಬ್ಬನನ್ನು ಇಪ್ಪತ್ತು ಅಡಿ ದೂರದಲ್ಲಿ ನಿಲ್ಲಿಸಿ. ಫೋನನ್ನು ನೆಲದ ಹತ್ತಿರ ಇಳಿಸಿ, ಮುಂದಿನವನ ಅಂಗೈ ಮೇಲೆ ಹಿಂದಿನವನ ಕಾಲು ಬರೋ ಹಾಗೆ ಹೊಂದಿಸಿ. ಭೀಮನ ಅಂಗೈಯಲ್ಲಿ ಬಕಾಸುರ! ದೂರ ಹೋದಷ್ಟೂ ವಸ್ತು ಯಾಕೆ ಚಿಕ್ಕದಾಗಿ ಕಾಣುತ್ತೆ ಅನ್ನೋ ವಿಜ್ಞಾನದ ಪಾಠವೂ ಅಲ್ಲೇ ಆಯಿತು. ಬೆಳಕು ಚೆನ್ನಾಗಿದ್ದಾಗ ಮಾತ್ರ ಇಬ್ಬರೂ ಸ್ಪಷ್ಟವಾಗಿ ಬರ್ತಾರೆ, ಸಂಜೆ ಮಾಡಬೇಡಿ.

3. ತಾತಯ್ಯನ ಬಳೆ ಚೌಕಟ್ಟು

ಕೈವಾರ ತಾತಯ್ಯ ಅಂತಲೇ ನಾವೆಲ್ಲ ಕರೆಯುವ ಯೋಗಿ ನಾರೇಯಣರು ಕನ್ನಡ, ತೆಲುಗು ಎರಡರಲ್ಲೂ ಹಾಡಿದವರು. ಸಂಸಾರ ನಡೆಸೋಕೆ ಅವರು ಬಳೆ ಮಾರುತ್ತಿದ್ದರು ಅಂತ ನಮ್ಮ ಕಡೆ ಹೇಳ್ತಾರೆ. ಆ ನೆನಪಿಗೆ ಬಳೆಯ ಚೌಕಟ್ಟು.

ಪ್ರತಿ ಮಗು ಮನೆಯಿಂದ ಹಾಕಿಕೊಳ್ಳದೆ ಬಿಟ್ಟ ಎರಡು ಬಳೆ ತರಬೇಕು. ಜೋಡಿ ತಪ್ಪಿದ್ದು, ಬಣ್ಣ ಮಾಸಿದ್ದು, ಯಾವುದಾದರೂ ಸರಿ. ನಾಲ್ಕು ಬಿದಿರು ಗಳ ಕಟ್ಟಿ ಬಾಗಿಲಿನಷ್ಟು ದೊಡ್ಡ ಚೌಕಟ್ಟು ಮಾಡಿ, ಮೂರೂ ಕಡೆ ಬಳೆ ಸಾಲುಗಳನ್ನು ಇಳಿಬಿಡಿ. ಬಿಸಿಲು ಬಿದ್ದಾಗ ಗಾಜಿನ ಬಳೆಗಳ ಬಣ್ಣ ನೆಲದ ಮೇಲೂ ಬೀಳುತ್ತೆ. ಪುಟಾಣಿಗಳ ಕೈಗೆ ಎಟುಕುವ ಎತ್ತರದಲ್ಲಿ ಮಾತ್ರ ಪ್ಲಾಸ್ಟಿಕ್, ಲೋಹದ ಬಳೆ ಇರಲಿ. ಗಾಜು ಮೇಲಿರಲಿ.

ಇದರಲ್ಲಿ ಒಂದು ಲಾಭ ನಾವು ಎಣಿಸಿರಲಿಲ್ಲ. ಹಬ್ಬದ ದಿನ ಅಮ್ಮಂದಿರು ಬಂದು 'ಆ ಹಸುರು ನಂದು ನೋಡೇ' ಅಂತ ಹುಡುಕೋಕೆ ಶುರು ಮಾಡಿದರು. ಫೋಟೊಗೆ ಕರೆದರೆ 'ನಮಗ್ಯಾಕಮ್ಮ' ಅಂತ ಹಿಂದೆ ಸರಿಯುವವರು ತಾವಾಗೇ ಚೌಕಟ್ಟಿನೊಳಗೆ ನಿಂತಿದ್ದರು.

4. ಕಿಟಕಿ ಸೀಟು

ಫ್ರಿಜ್ ಅಂಗಡಿಯಿಂದ ದೊಡ್ಡ ರಟ್ಟಿನ ಪೆಟ್ಟಿಗೆ ನಾಲ್ಕೈದು ತಂದು ಬಿಚ್ಚಿ, ಕೆಂಪು ಬಸ್ಸಿನ ಒಂದು ಪಕ್ಕ ಬಿಡಿಸಿ. ಕಿಟಕಿಗಳನ್ನು ಕತ್ತರಿಸುವಾಗ ಎಲ್ಲವನ್ನೂ ಒಂದೇ ಎತ್ತರಕ್ಕೆ ಮಾಡಬೇಡಿ. ಒಂದನೇ ಕ್ಲಾಸಿನ ಮಗುವಿನ ಮುಖ ಮೂರಡಿ ಎತ್ತರದ ಹತ್ತಿರ, ಏಳನೇ ಕ್ಲಾಸಿನದ್ದು ನಾಲ್ಕೂವರೆ ಅಡಿ ಹತ್ತಿರ ಬರುತ್ತೆ. ಎರಡು ಅಳತೆಯ ಕಿಟಕಿ ಇದ್ದರೆ ಯಾರನ್ನೂ ಸ್ಟೂಲ್ ಮೇಲೆ ಹತ್ತಿಸಬೇಕಿಲ್ಲ.

ಬಸ್ಸಿನ ಬೋರ್ಡಿನ ಜಾಗದಲ್ಲಿ ಒಂದು ಸ್ಲೇಟು. ಎಲ್ಲಿಗೆ ಹೋಗಬೇಕು ಅಂತ ಮಗುವೇ ಸೀಮೆಸುಣ್ಣದಲ್ಲಿ ಬರೆಯಬೇಕು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಹುಡುಗನೊಬ್ಬ ಓದುವ ಆಸೆಗೆ ಬೆಂಗಳೂರಿಗೆ ನಡೆದುಕೊಂಡೇ ಹೋಗಿ, ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದ ಡಾ. ಎಚ್. ನರಸಿಂಹಯ್ಯ ಆಗಿದ್ದನ್ನು ನಮ್ಮ ಹೆಡ್ ಮೇಡಂ ಮೊದಲು ಕಥೆ ಥರ ಹೇಳಿದರು. ಆಮೇಲೆ ಸೀಮೆಸುಣ್ಣ ಕೈಗೆ ಕೊಟ್ಟರು.

'ಅಜ್ಜಿ ಮನೆ', 'ಮದನಪಲ್ಲಿ', 'ಇಸ್ರೋ', 'ಸಮುದ್ರ' ಅಂತೆಲ್ಲ ಬಂತು. ಒಬ್ಬ ಹುಡುಗ 'ಅಪ್ಪ ಇರೋ ಊರು' ಅಂತ ಬರೆದ. ಯಾವ ಊರು ಅಂತ ನಾವ್ಯಾರೂ ಕೇಳಲಿಲ್ಲ. ಬೋರ್ಡ್ ಹಾಗೇ ಇಟ್ಟು ಫೋಟೊ ತೆಗೆದೆವು.

5. ಕ್ರೇಟ್ ಗ್ಯಾಲರಿ

ಚಿಂತಾಮಣಿ ಅಂದ ಮೇಲೆ ಟೊಮೆಟೊ ಬಿಡೋಕಾಗುತ್ತಾ? ಮಾರುಕಟ್ಟೆಗೆ ಟೊಮೆಟೊ ತುಂಬಿಕೊಂಡು ಬರುವ ಪ್ಲಾಸ್ಟಿಕ್ ಕ್ರೇಟುಗಳು ಊರಲ್ಲಿ ಎಲ್ಲಿ ನೋಡಿದರೂ ಇವೆ. ಒಂದು ದಿನಕ್ಕೆ ಮೂವತ್ತು ಕ್ರೇಟ್ ಕೇಳಿದರೆ ಮಂಡಿಯವರು ಬೇಡ ಅನ್ನಲ್ಲ. ತೊಳೆದು, ಬೋರಲು ಹಾಕಿ, ಮೆಟ್ಟಿಲು ಥರ ಜೋಡಿಸಿದರೆ ಇಡೀ ಕ್ಲಾಸಿನ ಗ್ರೂಪ್ ಫೋಟೊಗೆ ಗ್ಯಾಲರಿ ಆಯಿತು.

ಎರಡು ಕ್ರೇಟಿಗಿಂತ ಎತ್ತರ ಬೇಡ. ಅಕ್ಕಪಕ್ಕದವನ್ನು ಹಗ್ಗದಿಂದ ಬಿಗಿದು ಕಟ್ಟಿ. ಯಾರನ್ನೂ ಅದರ ಮೇಲೆ ನಿಲ್ಲಿಸಬೇಡಿ, ಕೂರಿಸಿ. ಮುಂದೆ ನೆಲದ ಮಟ್ಟದಲ್ಲೇ ಅಗಲವಾದ ಜಾಗ ಖಾಲಿ ಬಿಡಿ. ಗಾಲಿಕುರ್ಚಿಯಲ್ಲಿ ಬರುವ ಮಗು ಮೂಲೆಯಲ್ಲಲ್ಲದೆ ಸಾಲಿನ ನಡುವೆಯೇ ಇರುತ್ತೆ.

ಇದೇ ಗ್ಯಾಲರಿಯಲ್ಲಿ ಬಿಸಿಯೂಟದ ಅಡುಗೆ ಅಕ್ಕಂದಿರನ್ನು ಕೂರಿಸಿ, ಸುತ್ತ ಮಕ್ಕಳನ್ನು ನಿಲ್ಲಿಸಿ ಒಂದು ಫೋಟೊ ತೆಗೆಯಿರಿ. ವರ್ಷವೆಲ್ಲ ಮಕ್ಕಳಿಗೆ ಬಡಿಸುವವರು ಶಾಲೆಯ ಯಾವ ಗ್ರೂಪ್ ಫೋಟೊದಲ್ಲೂ ಇರಲ್ಲ.

6. ನೆರಳು ಪರದೆ

ಇದು ಸಂಜೆಯ ಸ್ಪಾಟ್, ಖರ್ಚು ಹೆಚ್ಚುಕಮ್ಮಿ ಸೊನ್ನೆ. ಒಂದು ಬಿಳೀ ಬೆಡ್‌ಶೀಟನ್ನು ಬಿಗಿಯಾಗಿ ಕಟ್ಟಿ, ಹಿಂದೆ ಹತ್ತು ಹನ್ನೆರಡು ಅಡಿ ದೂರದಲ್ಲಿ ಒಂದೇ ಒಂದು ಎಲ್‌ಇಡಿ ದೀಪ ಇಡಿ. ಮಕ್ಕಳು ಪರದೆಗೆ ತಾಗುವ ಹಾಗೆ ಹತ್ತಿರ ನಿಂತರೆ ನೆರಳಿನ ಅಂಚು ಚೂಪಾಗಿ ಬರುತ್ತೆ. ತೊಗಲುಗೊಂಬೆ ಆಟದ ತತ್ವವೇ ಇದು. ದೀಪ ಎರಡಾದರೆ ನೆರಳೂ ಎರಡಾಗಿ ಕೆಡುತ್ತೆ.

ಎದುರಿಗೆ ನಿಂತರೆ ನಾಚುವ ಮಕ್ಕಳು ಪರದೆ ಹಿಂದೆ ಹೋದ ಕೂಡಲೇ ಹುಲಿ, ಕೊಕ್ಕರೆ, ಕಂಡಕ್ಟರ್ ಎಲ್ಲಾ ಆಗಿಬಿಡ್ತಾರೆ. ಶಾಲೆಯ ಫೇಸ್‌ಬುಕ್ ಪೇಜಿಗೆ ಹಾಕೋಕೆ ಇದಕ್ಕಿಂತ ಒಳ್ಳೇ ಫೋಟೊ ಇಲ್ಲ, ಯಾಕಂದ್ರೆ ಮುಖವೇ ಕಾಣಲ್ಲ. ಆ ವಿಷಯ ಮುಂದೆ ಹೇಳ್ತೀನಿ.

ಕೈಗೆ ಏನು ಕೊಡೋಣ?

ಕಡ್ಡಿಗೆ ಅಂಟಿಸಿದ ಮೀಸೆ, ಹೃದಯಾಕಾರದ ಕನ್ನಡಕ ನೋಡಿ ನೋಡಿ ಸಾಕಾಗಿದೆ. ಮುದ್ದೇನಹಳ್ಳಿ ನಮ್ಮ ಜಿಲ್ಲೆಯದ್ದು, ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಒಂದು ಪೇಟ, ಒಂದು ಸುತ್ತಿದ ನಕ್ಷೆ ಸಾಕು, ಮಗು ತಾನಾಗೇ ನೆಟ್ಟಗೆ ನಿಲ್ಲುತ್ತೆ. ಒಂದೇ ಪೇಟ ಎಲ್ಲರ ತಲೆಗೆ ಹಾಕಬೇಡಿ. ಹಳೇ ಸೀರೆಯ ಪಟ್ಟಿಯಲ್ಲಿ ಕ್ಲಾಸಿಗೆ ಐದಾರು ಮಾಡಿಕೊಳ್ಳಿ.

ಇನ್ನೊಂದು ತಮಟೆ. ನಮ್ಮ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ತಮಟೆ ವಾದನಕ್ಕೇ. ತಮಟೆ ಕೈಗೆ ಬಂದ ಮಗು ಪೋಸ್ ಕೊಡಲ್ಲ, ಬಾರಿಸುತ್ತೆ. ಆಗಲೇ ಕ್ಲಿಕ್ ಮಾಡಿ.

ಫ್ಲೆಕ್ಸ್ ಬೇಡ ಅನ್ನೋದಕ್ಕೆ ಕಾನೂನಿನ ಕಾರಣವೂ ಇದೆ. ಕರ್ನಾಟಕ 2016ರಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್ ನಿಷೇಧಿಸಿದೆ. ಅಲಂಕಾರದ ಥರ್ಮೋಕೋಲ್ 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಪರಿಸರದ ಬಗ್ಗೆ ಭಾಷಣ ಸ್ಪರ್ಧೆ ಇಟ್ಟು ಪಕ್ಕದಲ್ಲೇ ಥರ್ಮೋಕೋಲ್ ನಿಲ್ಲಿಸಿದರೆ ಮಕ್ಕಳಿಗೆ ಅರ್ಥವಾಗದೇ ಇರುತ್ತಾ?

ಬೆಳಕು ಮತ್ತು ಲೆಕ್ಕ

ಡಿಸೆಂಬರ್, ಜನವರಿಯಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ಉತ್ತರಕ್ಕೆ ಮುಖ ಮಾಡಿದ ಗೋಡೆ ದಿನವಿಡೀ ನೆರಳಲ್ಲಿರುತ್ತೆ. ಮುಖ್ಯ ಸ್ಪಾಟ್ ಅಲ್ಲೇ ಇರಲಿ, ಯಾರೂ ಕಣ್ಣು ಕಿವುಚಬೇಕಿಲ್ಲ. ಮಗು ಬ್ಯಾಕ್‌ಡ್ರಾಪಿನಿಂದ ಮೂರಡಿ ಮುಂದೆ ನಿಲ್ಲಲಿ. ನೀವು ಎಂಟು ಹತ್ತು ಅಡಿ ಹಿಂದೆ ಸರಿದು 2ಎಕ್ಸ್ ಝೂಮ್ ಇಡಿ. ಹತ್ತಿರದಿಂದ ತೆಗೆದರೆ ಮೂಗು ದೊಡ್ಡದಾಗಿ ಕಾಣುತ್ತೆ. ಎಲ್ಲಕ್ಕಿಂತ ಮುಖ್ಯ, ಮಂಡಿಯೂರಿ ಕೂತು ಮಗುವಿನ ಕಣ್ಣಿನ ಮಟ್ಟಕ್ಕೆ ಫೋನ್ ಹಿಡಿಯಿರಿ. ನಗಿಸೋಕೆ ನಮ್ಮಲ್ಲಿ ಮೂರು ಭಾಷೆ ಬೇಕು: 'ನಗ್ರೋ! ನವ್ವಂಡ್ರಾ! ಹಸೋ!' ಮೂರನೆಯದಕ್ಕೆ ಎಲ್ಲರೂ ನಕ್ಕಿರ್ತಾರೆ.

ಈಗ ಲೆಕ್ಕ. ನಮ್ಮ ಶಾಲೆಯಲ್ಲಿ 240 ಮಕ್ಕಳು. ಒಬ್ಬರಿಗೆ ಅರ್ಧ ನಿಮಿಷ ಅಂದರೂ ಎರಡು ಗಂಟೆ. ಹಬ್ಬದ ಸಂಜೆ ಇದು ಆಗದ ಮಾತು. ಆದ್ದರಿಂದ ನಾವು ಸ್ಪಾಟ್‌ಗಳನ್ನು ಎರಡು ದಿನ ಮುಂಚೆಯೇ ನಿಲ್ಲಿಸಿ, ರಿಹರ್ಸಲ್ ದಿನ ಕ್ಲಾಸಿನಂತೆ ಕರೆದು, ಹಾಜರಿ ಪುಸ್ತಕ ನೋಡಿ ಟಿಕ್ ಹಾಕಿಕೊಂಡು ತೆಗೆದೆವು. ಇಬ್ಬರು ಎರಡು ಸ್ಪಾಟಿನಲ್ಲಿ ನಿಂತರೆ ಒಂದೇ ಗಂಟೆ. ಆ ದಿನ ಗೈರಾದ ಮಕ್ಕಳ ಪಟ್ಟಿ ಬೇರೆ ಮಾಡಿ ಮರುದಿನ ಮುಗಿಸಿದೆವು. ಹೊಸ ಬಟ್ಟೆ ಇಲ್ಲದವರ ಚಿಂತೆಯೂ ಇರಲಿಲ್ಲ, ಎಲ್ಲರೂ ಯೂನಿಫಾರ್ಮಲ್ಲೇ ಇದ್ದರು.

ಪ್ರಿಂಟ್‌ಗೆ ನಮ್ಮೂರ ಸ್ಟುಡಿಯೋದಲ್ಲಿ 4×6 ಇಂಚಿನದಕ್ಕೆ 10 ರೂಪಾಯಿ ಹೇಳಿದರು. 240 ಮಕ್ಕಳಿಗೆ 2,400 ರೂಪಾಯಿ. ಇಪ್ಪತ್ನಾಲ್ಕು ಜನ ಹಳೇ ವಿದ್ಯಾರ್ಥಿಗಳು ನೂರು ನೂರು ಹಾಕಿದರೆ ಮುಗೀತು. ಒಂದು ಸಲ ಹೊರಗೆ ಕಾಫಿ, ತಿಂಡಿಗೆ ನಾವು ಕೊಡೋ ದುಡ್ಡು ಅದು.

ಹಬ್ಬದ ದಿನ ಗೇಟಿನಿಂದ ಸ್ಟೇಜಿನವರೆಗೆ ಹಗ್ಗ ಕಟ್ಟಿ, ಬಟ್ಟೆ ಕ್ಲಿಪ್ಪಿನಲ್ಲಿ ಅಷ್ಟೂ ಫೋಟೊ ನೇತುಹಾಕಿದೆವು. ಅವರವರ ಮಗುವಿನದ್ದು ಹುಡುಕಿ ಬಿಚ್ಚಿಕೊಂಡು ಹೋಗಬೇಕು. ಫೋನ್ ತರದವರ ಕುಟುಂಬದ ಫೋಟೊ ತೆಗೆಯೋಕೆ ನಮ್ಮ ಇಬ್ಬರು ಹುಡುಗರು ಟೋಕನ್ ಹಿಡಿದು ಸ್ಪಾಟಿನಲ್ಲೇ ಇದ್ದರು.

ಮಂಡಿ ಕೆಲಸ ಮುಗಿಸಿ ಬಂದ ಒಬ್ಬ ತಾಯಿ ಹಗ್ಗದ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದರು. ಮಗಳೇ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದಳು. ಚಂದ್ರಿಕೆ ಮುಂದೆ ನಿಂತು, ಪೇಟ ಸ್ವಲ್ಪ ಓರೆಯಾಗಿ, ಬಾಯಿ ತುಂಬ ನಗು. 'ಆಧಾರ್ ಕಾರ್ಡಲ್ಲಿ ಇರೋದು ಬಿಟ್ರೆ ನಮ್ಮ ಹುಡ್ಗೀದು ಇದೇ ಫಸ್ಟು ಫೋಟೊ ಮೇಡಂ' ಅಂದರು. ಸೆರಗಲ್ಲಿ ಕೈ ಒರೆಸಿಕೊಂಡು, ಅಂಚು ಹಿಡಿದು ನೋಡಿದರು. ಎಲ್ಲಿ ಇಡ್ತೀರಮ್ಮ ಅಂದೆ. 'ರೇಷನ್ ಕಾರ್ಡಿನ ಕವರ್ ಒಳಗೆ. ಮನೆ ಸೋರಿದ್ರೂ ಅದು ಮಾತ್ರ ನೆನೆಯಲ್ಲ.'

ಪೋಸ್ಟ್ ಮಾಡೋ ಮುನ್ನ

ನಮಗೆಲ್ಲ ಕೈ ತುರಿಸುತ್ತೆ, ಗೊತ್ತು. ಆದರೆ ಮಕ್ಕಳ ಫೋಟೊ ನಮ್ಮ ಸ್ಟೇಟಸ್‌ಗಾಗಿ ಇರೋದಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷ ತುಂಬದವರನ್ನು ಮಕ್ಕಳು ಅಂತಲೇ ನೋಡುತ್ತೆ, ಅವರ ವೈಯಕ್ತಿಕ ಮಾಹಿತಿ ಬಳಸೋಕೆ ಪೋಷಕರ ಒಪ್ಪಿಗೆ ಕೇಳುತ್ತೆ. ಕಾಯ್ದೆ ಪಕ್ಕಕ್ಕಿಟ್ಟರೂ ಮರ್ಯಾದೆಯ ಪ್ರಶ್ನೆ ಇದೆಯಲ್ಲ? ಯಾರದೋ ಮನೆಯ ಮಗುವಿನ ಮುಖ ಕೇಳದೇ ಊರಿಗೆಲ್ಲ ಹಂಚಬಾರದು.

ನಾವು ಮಾಡಿದ್ದು ಇಷ್ಟು. ಡೈರಿಯಲ್ಲಿ ಒಂದು ಸಾಲಿನ ಒಪ್ಪಿಗೆ ಚೀಟಿ ಕಳಿಸಿದೆವು: ಪ್ರಿಂಟ್‌ಗೆ ಸರಿಯಾ, ಶಾಲೆಯ ಗ್ರೂಪಿಗೆ ಸರಿಯಾ, ಹೊರಗಡೆ ಹಾಕೋಕೆ ಸರಿಯಾ, ಮೂರಕ್ಕೂ ಬೇರೆ ಬೇರೆ ಟಿಕ್. ಪ್ರಿಂಟ್ ಬೇಡ ಅಂದವರು ಯಾರೂ ಇರಲಿಲ್ಲ. ಹೊರಗೆ ಬೇಡ ಅಂದವರು ಇದ್ದರು. ಹೊರಗೆ ಹಾಕಿದ್ದು ನೆರಳು ಪರದೆಯ ಫೋಟೊಗಳು ಮಾತ್ರ. ಮಗುವಿನ ಮುಖ, ಹೆಸರು, ಶಾಲೆಯ ಹೆಸರು ಮೂರೂ ಒಂದೇ ಫೋಟೊದಲ್ಲಿ ಬಾರದಂತೆ ನೋಡಿಕೊಂಡೆವು. ಪ್ರಿಂಟ್ ಕೈಗೆ ಬಂದ ಮೇಲೆ ನಮ್ಮ ಫೋನುಗಳಿಂದ ಅಳಿಸಿ, ಒಂದು ಪ್ರತಿ ಹೆಡ್ ಮೇಡಂಗೆ ಪೆನ್‌ಡ್ರೈವ್‌ನಲ್ಲಿ ಕೊಟ್ಟೆವು.

ಈ ವರ್ಷ ನಿಮ್ಮೂರ ಶಾಲೆಯಿಂದ 'ಸ್ಕೂಲ್ ಡೇಗೆ ಏನಾದ್ರೂ ಕೊಡಿ' ಅಂತ ಮೆಸೇಜ್ ಬಂದರೆ, ಒಂದು ಶನಿವಾರ ಮತ್ತು ನೂರು ರೂಪಾಯಿ ಕೊಡಿ. ಹೋಗೋ ಮುಂಚೆ ಅಟ್ಟ, ಕೊಟ್ಟಿಗೆ, ಸಂತೆ ಒಂದು ಸುತ್ತು ನೋಡಿ. ಕರಾವಳಿಯಾದರೆ ಮೀನಿನ ಬಲೆ ಸಿಗುತ್ತೆ, ಇಳಕಲ್ ಕಡೆಯಾದರೆ ಮಗ್ಗ, ಚನ್ನಪಟ್ಟಣವಾದರೆ ಬಣ್ಣದ ಬೊಂಬೆ. ನೀವು ಏನು ಹುಡುಕಿದಿರಿ ಅಂತ ನಮ್ಮ ಓದುಗರ ಅಂಕಣಕ್ಕೆ ಬರೆಯಿರಿ. ಮಕ್ಕಳ ಫೋಟೊ ಬೇಡ, ಖಾಲಿ ಸ್ಪಾಟಿನ ಫೋಟೊ ಸಾಕು. ಜೊತೆಗೆ ಹಾಜರಿ ಪುಸ್ತಕದಲ್ಲಿ ಎಷ್ಟು ಹೆಸರಿತ್ತು, ಎಷ್ಟು ಪ್ರಿಂಟ್ ಹಾಕಿಸಿದಿರಿ ಅಂತ ತಿಳಿಸೋದು ಮರೆಯಬೇಡಿ.